ಫೀಸು ಮನೆ ಬೆಲೆಯೊಳಗೇ ಇದೆ

ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರು ಮೊದಲು ಕೇಳುವುದು ಬಾಗಿಲು ಪೂರ್ವಕ್ಕಿದೆಯಾ ಅಂತಲ್ಲ. ಅದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ‘ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು, ರೇಟಿಂಗ್ ಎಷ್ಟು?’ ಅಂದರೆ ಆ ವಿಳಾಸಕ್ಕೆ ಯಾವ ಶಾಲೆಗಳು ಸಿಗುತ್ತವೆ, ಅವು ಎಷ್ಟು ಒಳ್ಳೆಯವು ಅಂತ. ಊರಲ್ಲಿದ್ದಿದ್ದರೆ ಮಕ್ಕಳನ್ನು ಸರ್ಕಾರಿ ಶಾಲೆಯ ಗೇಟಿನ ಹತ್ತಿರವೂ ಬಿಡುತ್ತಿರಲಿಲ್ಲ. ಇಲ್ಲಿ ಅದೇ ಜನ ಹೆಮ್ಮೆಯಿಂದ ಪಬ್ಲಿಕ್ ಸ್ಕೂಲಿಗೆ ಕಳಿಸುತ್ತಾರೆ. ರಜೆಗೆ ಬೆಂಗಳೂರಿಗೆ ಹೋದಾಗ ತಂಗಿಗೆ, ಭಾವನಿಗೆ ಉಪದೇಶ ಬೇರೆ: ‘ಅಮೆರಿಕದಲ್ಲಿ ಸರ್ಕಾರಿ ಶಾಲೆ ಹೇಗಿರುತ್ತೆ ಗೊತ್ತಾ? ಒಂದು ಪೈಸೆ ಫೀಸಿಲ್ಲ!’

ನಾನು ಇಲ್ಲಿನ ಒಂದು ಬಡ ನಗರದ ಪಬ್ಲಿಕ್ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಫೀಸಿಲ್ಲ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಫೀಸು ಇದೆ ಸ್ವಾಮಿ, ಮನೆ ಬೆಲೆಯೊಳಗೆ ಸೇರಿಕೊಂಡಿದೆ. ಇಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ದುಬಾರಿ ಮನೆಗಳ ಊರಿಗೆ ದುಡ್ಡು ಸುಲಭವಾಗಿ ಹುಟ್ಟುತ್ತದೆ. ಕಾರ್ಖಾನೆಗಳು ಮುಚ್ಚಿಹೋದ ಊರಿನಲ್ಲಿ ತೆರಿಗೆ ದರ ಎಷ್ಟು ಏರಿಸಿದರೂ ಬರುವುದು ಅಷ್ಟಕ್ಕಷ್ಟೆ. ನಮ್ಮವರು ಜಾಸ್ತಿ ಇರುವ ವೆಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೋ ಕಡೆಯಿಂದ ಬಡ ನಗರ ಟ್ರೆಂಟನ್‌ಗೆ ಕಾರಿನಲ್ಲಿ ಅರ್ಧ ಗಂಟೆ ಸಾಕು. ಆದರೆ ಟ್ರೆಂಟನ್ನಿನ ಮಗು ನಮ್ಮವರ ಊರಿನ ಶಾಲೆಗೆ ಸುಮ್ನೆ ಹೋಗಿ ಸೇರುವಂತಿಲ್ಲ. ವಿಳಾಸದ ದಾಖಲೆ ಬೇಕು. 2011ರಲ್ಲಿ ಒಹಾಯೋದ ಆಕ್ರನ್ ನಗರದ ಒಬ್ಬ ತಾಯಿ, ತನ್ನ ಅಪ್ಪನ ಮನೆಯ ವಿಳಾಸ ಕೊಟ್ಟು ಮಕ್ಕಳನ್ನು ಪಕ್ಕದ ಊರಿನ ಒಳ್ಳೆ ಶಾಲೆಗೆ ಸೇರಿಸಿದ್ದಕ್ಕೆ ಜೈಲಿಗೇ ಹೋದಳು.

ಹಾಗಂತ ನ್ಯೂಜೆರ್ಸಿ ಕೈಕಟ್ಟಿ ಕೂತ ರಾಜ್ಯವಲ್ಲ. ಇದರ ಕತೆ ನಮ್ಮ ಕೂಟಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಾಜ್ಯದ ಮಕ್ಕಳಿಗೆಲ್ಲ ಪರಿಪೂರ್ಣವಾದ, ದಕ್ಷವಾದ ಉಚಿತ ಶಾಲೆ ಒದಗಿಸಬೇಕು ಅಂತ ಇಲ್ಲಿನ ಸಂವಿಧಾನ 1875ರಿಂದಲೂ ಹೇಳುತ್ತದೆ. ಆಸ್ತಿ ತೆರಿಗೆಯನ್ನೇ ನೆಚ್ಚಿಕೊಂಡರೆ ಈ ಮಾತು ಉಳಿಯುವುದಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟು 1973ರಲ್ಲಿ ತೀರ್ಪು ಕೊಟ್ಟಿತು. ಶಾಸಕರು ಎಳೆದಾಡಿದರು. ಕೋರ್ಟು ಕಾದು ಕಾದು 1976ರ ಜುಲೈನಲ್ಲಿ ಶಾಲೆಗಳಿಗೆ ದುಡ್ಡು ಖರ್ಚು ಮಾಡುವುದನ್ನೇ ತಡೆಯಿತು, ಇಡೀ ರಾಜ್ಯದ ಪಬ್ಲಿಕ್ ಶಾಲೆಗಳಿಗೆ ಬೀಗ! ಬೇಸಿಗೆ ರಜೆಯ ಕಾಲ, ಮಕ್ಕಳಿಗೆ ದೊಡ್ಡ ನಷ್ಟವೇನೂ ಆಗಲಿಲ್ಲ ಬಿಡಿ. ಆದರೆ ಕೆಲವೇ ದಿನಗಳಲ್ಲಿ ಶಾಸಕರು ರಾಜ್ಯ ಆದಾಯ ತೆರಿಗೆಗೆ ಒಪ್ಪಿದರು. ನಾವು ಈಗ ಪ್ರತಿವರ್ಷ ಗೊಣಗುತ್ತಾ ಕಟ್ಟುವ ತೆರಿಗೆ ಹುಟ್ಟಿದ್ದು ಹೀಗೆ.

ಅಷ್ಟಕ್ಕೇ ಮುಗಿಯಲಿಲ್ಲ. 1981ರಲ್ಲಿ ಕ್ಯಾಮ್ಡೆನ್, ಈಸ್ಟ್ ಆರೆಂಜ್, ಅರ್ವಿಂಗ್ಟನ್, ಜೆರ್ಸಿ ಸಿಟಿಗಳ ಮಕ್ಕಳ ಹೆಸರಿನಲ್ಲಿ ಇನ್ನೊಂದು ಮೊಕದ್ದಮೆ ಬಂತು. ಅದಕ್ಕೆ ಅಬಾಟ್ ಪ್ರಕರಣ ಅಂತಲೇ ಹೆಸರು. ಬಡ ನಗರಗಳ ಮಕ್ಕಳ ಮೇಲೆ ಶ್ರೀಮಂತ ಊರುಗಳಷ್ಟೇ ಖರ್ಚಾಗಬೇಕು ಅಂತ 1990ರಲ್ಲಿ ತೀರ್ಪಾಯಿತು. ಆ ಊರುಗಳಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಿಗೂ ಉಚಿತ ಶಾಲೆ ಕೊಡಿ ಅಂತ 1998ರಲ್ಲಿ ಆದೇಶ ಬಂತು. ಈಗ ಅಂಥ 31 ಡಿಸ್ಟ್ರಿಕ್ಟ್‌ಗಳಿವೆ. ಸರ್ಕಾರ ಈ ದುಡ್ಡಿಗೆ ಕತ್ತರಿ ಹಾಕಿದಾಗ, ಸುಮಾರು 50 ಕೋಟಿ ಡಾಲರ್ ಹೆಚ್ಚು ಕೊಡಿ ಅಂತ ಕೋರ್ಟು 2011ರಲ್ಲಿ ಮತ್ತೆ ಗದರಿತು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮೂರು ವರ್ಷಕ್ಕೇ ಶಾಲೆಯ ಮೆಟ್ಟಿಲು ಹತ್ತಿದವರು. ಆ ಆದೇಶದ ಬೆಲೆ ನನಗೆ ದಿನಾ ಕಾಣುತ್ತದೆ. ಅನುಕೂಲಸ್ಥರ ಮನೆಯ ಮಗು ಮಾತ್ರ ಒಂದೂ ಕಾಣುವುದಿಲ್ಲ. ದುಡ್ಡು ಊರಿಂದ ಊರಿಗೆ ಬಂತು, ಮಕ್ಕಳು ಮಾತ್ರ ಅಲ್ಲಲ್ಲೇ ಉಳಿದರು.

ಕರ್ನಾಟಕದಲ್ಲಿ ಈ ಆಸ್ತಿ ತೆರಿಗೆ ರಗಳೆ ಇಲ್ಲ. ಯಾದಗಿರಿಯ ಮೇಷ್ಟ್ರಿಗೂ ಮೈಸೂರಿನ ಮೇಷ್ಟ್ರಿಗೂ ಮೂಲ ವೇತನ ಒಂದೇ, ಪಠ್ಯಪುಸ್ತಕ ಒಂದೇ. ಇದು ದೊಡ್ಡ ಸಂಗತಿ, ಅಮೆರಿಕದಲ್ಲಿ ಹೇಳಿದರೆ ಇಲ್ಲಿನ ಸಹೋದ್ಯೋಗಿಗಳು ಕಣ್ಣರಳಿಸುತ್ತಾರೆ. ಊಟದ ವಿಷಯದಲ್ಲೂ ನಮ್ಮದೇ ವಾಸಿ. ಇಲ್ಲಿ ಎಷ್ಟೋ ಊರುಗಳಲ್ಲಿ ಬಿಟ್ಟಿ ಊಟ ಬೇಕಾದರೆ ಮನೆಯ ಆದಾಯದ ಫಾರ್ಮ್ ತುಂಬಬೇಕು. ಊಟದ ಖಾತೆಯಲ್ಲಿ ಬಾಕಿ ಬೆಳೆದರೆ ಮನೆಗೆ ಪತ್ರ ಬರುತ್ತದೆ. ಅಕ್ಷರ ದಾಸೋಹದಲ್ಲಿ ತಟ್ಟೆ ಹಿಡಿದು ಕೂತ ಮಗುವಿನ ಅಪ್ಪನ ಸಂಬಳ ಯಾರೂ ಕೇಳುವುದಿಲ್ಲ. ಬಿಸಿಯೂಟ ಕೊಡಲೇಬೇಕು ಅಂತ ಭಾರತದ ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು, ಮರುವರ್ಷ ನಮ್ಮಲ್ಲಿ ಶುರುವಾಯಿತು. ಎಷ್ಟು ಸರ್ಕಾರಗಳು ಬದಲಾದರೂ ಒಲೆ ಆರಲಿಲ್ಲ.

ಮೊಟ್ಟೆಯ ಕತೆ ಬೇರೆ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ. ಎರಡು ದಿನದ್ದು ಸರ್ಕಾರದ ದುಡ್ಡು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಒಪ್ಪಂದ ಮೂರು ವರ್ಷದ್ದು. ಹಕ್ಕಾಗಿ ಬಂದ ಅನ್ನವನ್ನು ನಿಲ್ಲಿಸಲು ಮಂತ್ರಿಗೆ ಧೈರ್ಯ ಬೇಕು. ದಾನವಾಗಿ ಬಂದ ಮೊಟ್ಟೆ ನಿಲ್ಲಲು ಅವಧಿ ಮುಗಿದರೆ ಸಾಕು, ಅಲ್ವಾ?

ನಮ್ಮಲ್ಲಿ ಭೇದ ಬೇರೆ ದಾರಿಯಿಂದ ಬಂದಿದೆ. ಕೈಯಲ್ಲಿ ಕಾಸಿದ್ದವರು ಸರ್ಕಾರಿ ಶಾಲೆ ಬಿಟ್ಟು ಹೊರಟೇ ಹೋದರು, ಅಲ್ಲಿ ಪಾಠ ಮಾಡುವ ಮೇಷ್ಟ್ರುಗಳ ಮಕ್ಕಳೂ ಸೇರಿ. ದನಿ ಎತ್ತಬಲ್ಲವರು ಹೋದ ಮೇಲೆ ಕಲ್ಯಾಣ ಕರ್ನಾಟಕದ ಶಾಲೆಯಲ್ಲಿ ಗಣಿತದ ಹುದ್ದೆ ವರ್ಷಗಟ್ಟಲೆ ಖಾಲಿ ಇದ್ದರೂ ಕೇಳುವವರಿಲ್ಲ. ಅತಿಥಿ ಶಿಕ್ಷಕರು ಬರುತ್ತಾರೆ, ಗೌರವಧನಕ್ಕೆ ಕಾಯುತ್ತಾರೆ, ವರ್ಷ ಮುಗಿದರೆ ಹೋಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಶೇ 25ರ ಸೀಟುಗಳಿಂದ ಬಡವರ ಮಕ್ಕಳು ಖಾಸಗಿ ಶಾಲೆಯಲ್ಲಿ ಉಳ್ಳವರ ಮಕ್ಕಳ ಪಕ್ಕ ಕೂರುವ ಅವಕಾಶ ಇತ್ತು. 2019ರಿಂದ, ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಆ ಸೀಟೂ ಇಲ್ಲ. ಸರ್ಕಾರಿ ಶಾಲೆ ಉಳಿಸಲು ಅಂದರು. ಉಳಿಸುವ ಹೊರೆ ಬಡವರ ಮಕ್ಕಳ ತಲೆಗೇ ಯಾಕೆ?

ನೈತಿಕ ಹೊಣೆ ಅಂದ ತಕ್ಷಣ ಎರಡೂ ಕಡೆ ಎಲ್ಲರೂ ಮೇಷ್ಟ್ರ ಕಡೆ ತಿರುಗುತ್ತಾರೆ. ಶಿಕ್ಷಕ ಮನಸ್ಸು ಮಾಡಿದರೆ ಎಲ್ಲ ಸಾಧ್ಯ ಅನ್ನುತ್ತಾರೆ. ಮೂವತ್ತು ಮಕ್ಕಳಿಗೆ ಭಿನ್ನರಾಶಿ ಕಲಿಸುವುದು ನನ್ನ ಹೊಣೆ, ಒಪ್ಪಿದೆ. ಊರುಗಳ ನಡುವಿನ ಗೆರೆ ಎಳೆದದ್ದು ನಾನಲ್ಲ. ಆ ಗೆರೆಯಿಂದ ಲಾಭ ಪಡೆದು ಮನೆ ಕೊಂಡವರಲ್ಲಿ ನಮ್ಮವರೂ ಇದ್ದಾರೆ. ‘ನಮ್ಮ ತೆರಿಗೆ ಟ್ರೆಂಟನ್‌ಗೆ ಯಾಕೆ ಹೋಗಬೇಕು?’ ಅಂತ ಕೇಳುವವರಲ್ಲಿ ಕರ್ನಾಟಕದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಜುಜುಬಿ ಫೀಸಿಗೆ ಓದಿ ಬಂದವರಿದ್ದಾರೆ. ಅವರ ಓದಿಗೆ ಯಾರ ತೆರಿಗೆ ಹೋಗಿತ್ತೋ!

ಇದೇ ಜನ ಊರಿನ ಶಾಲೆಗೆ ಉದಾರವಾಗಿ ಕೊಡುತ್ತಾರೆ: ಬಣ್ಣ, ಬೆಂಚು, ಸ್ಮಾರ್ಟ್ ಬೋರ್ಡು. ಕೊಡಲಿ. ಆದರೆ ಅದಕ್ಕೂ ಮುಂಚೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರಿಗೆ ಫೋನ್ ಮಾಡಿ, ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಖಾಲಿ ಎಷ್ಟು ಅಂತ ಕೇಳಬೇಕು. ಆ ಲೆಕ್ಕ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ, ಶಾಸಕರಿಗೆ ಒಂದು ಅರ್ಜಿ ಬರೆಯಬೇಕು. ಹಳೆ ವಿದ್ಯಾರ್ಥಿಗಳು ಅಂತ ಹತ್ತಿಪ್ಪತ್ತು ಜನ ವಿದೇಶದಿಂದ ಸಹಿ ಹಾಕಿದರೆ ಮೇಜಿನ ಮೇಲೆ ಆ ಕಾಗದ ಒಂದಿಷ್ಟಾದರೂ ಮುಂದೆ ಸರಿಯುತ್ತದೆ. ಬೋರ್ಡು ಆಮೇಲೆ ಕೊಡಬಹುದು, ಅದನ್ನು ಆನ್ ಮಾಡಲು ಮೇಷ್ಟ್ರು ಬಂದ ಮೇಲೆ.