ಶಾಸಕರಿಗೆ ವರ್ಷದ ಮಿತಿ ಬೇಕಾ? ಇಲಿನಾಯ್ ಒಂದು ಕಡೆ, ಮಿಷಿಗನ್ ಇನ್ನೊಂದು ಕಡೆ

ಪರ: ಬೇರು ಬಿಡುವ ಮೊದಲೇ ಎಬ್ಬಿಸಿ

ಮೈಕೆಲ್ ಮ್ಯಾಡಿಗನ್ ಹತ್ತಿರ ಮೊಬೈಲ್ ಇರಲಿಲ್ಲ. ಇಮೇಲ್ ಕೂಡ ಇಲ್ಲ. ಕೆಲಸ ಆಗಬೇಕಾದವರು ಅವರ ಬಾಗಿಲಿಗೇ ಹೋಗಬೇಕಿತ್ತು, ಇಲ್ಲವೇ ಅವರ ಕಡೆಯವರನ್ನು ಹಿಡಿಯಬೇಕಿತ್ತು. 1971ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಕೆಳಮನೆಗೆ ಬಂದವರು 2021ರವರೆಗೆ ಅಲ್ಲೇ ಇದ್ದರು. ಅದರಲ್ಲಿ 36 ವರ್ಷ ಸ್ಪೀಕರ್. ನಡುವೆ ಒಮ್ಮೆ ಬಹುಮತ ತಪ್ಪಿ ಎರಡು ವರ್ಷ ಕುರ್ಚಿ ಬಿಟ್ಟಿದ್ದು ಬಿಟ್ಟರೆ ಅಲುಗಾಡಲಿಲ್ಲ.

ನಮ್ಮಲ್ಲಿ ಸ್ಪೀಕರ್ ಆದವರು ಪಕ್ಷ ಮರೆತು ಕೂರಬೇಕು ಅಂತೀವಿ. ಅಲ್ಲಿ ಹಾಗಲ್ಲ. ಸ್ಪೀಕರ್ ಅಂದರೆ ಬಹುಮತ ಪಕ್ಷದ ಯಜಮಾನ. ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವುದು ಸಮಿತಿಯಲ್ಲೇ ಕೊಳೆಯಬೇಕು ಅನ್ನೋದು ಅವರ ಕೈಯಲ್ಲಿ. ಮ್ಯಾಡಿಗನ್ 1998ರಿಂದ ರಾಜ್ಯದ ಡೆಮಾಕ್ರಟಿಕ್ ಪಕ್ಷಕ್ಕೂ ಅಧ್ಯಕ್ಷರಾಗಿದ್ದರು. ಚುನಾವಣೆಯ ದುಡ್ಡೂ ಅವರ ಕೈಯಲ್ಲೇ. ಹೀಗಿರುವಾಗ ಎದುರು ಮಾತಾಡುವ ಶಾಸಕ ಯಾರು?

ಅಲ್ಲಿನ ವಿದ್ಯುತ್ ಕಂಪನಿ ಕಾಮನ್‌ವೆಲ್ತ್ ಎಡಿಸನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮ್ಯಾಡಿಗನ್ ಕಡೆಯವರಿಗೆ ಕೆಲಸ, ಗುತ್ತಿಗೆ ಕೊಟ್ಟಿತು. ಕೆಲವರು ಕೆಲಸವನ್ನೇ ಮಾಡದೆ ಸುಮ್ನೆ ಸಂಬಳ ಎಣಿಸಿದರು. 2020ರಲ್ಲಿ ಕಂಪನಿ 20 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. 2025ರಲ್ಲಿ ಮ್ಯಾಡಿಗನ್ ವಿರುದ್ಧದ 23 ಆರೋಪಗಳಲ್ಲಿ 10ರಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥ ಎಂದಿತು. ಏಳೂವರೆ ವರ್ಷ ಜೈಲು.

ಜನ ಬೇಡ ಅಂದಿದ್ದರೆ ಸೋಲಿಸಬಹುದಿತ್ತಲ್ಲ, ಅಂತ ಕೇಳ್ತಾರೆ. ಯಾವ ಜನ? ಅವರನ್ನು ಸೋಲಿಸುವ ಹಕ್ಕು ಇದ್ದದ್ದು ಶಿಕಾಗೋದ ನೈರುತ್ಯ ಮೂಲೆಯ ಒಂದು ಕ್ಷೇತ್ರಕ್ಕೆ. ಉಳಿದ 117 ಕ್ಷೇತ್ರದವರು ನೋಡ್ತಾ ಕೂರಬೇಕಿತ್ತು, ಅಷ್ಟೇ.

ಸ್ಪೀಕರ್ ಹುದ್ದೆಗೆ ಮಾತ್ರ ಮಿತಿ ಹಾಕಿದರೆ ಸಾಲದಾ? ಇಲಿನಾಯ್ ಕೆಳಮನೆ 2021ರಲ್ಲಿ ಅದನ್ನೇ ಮಾಡಿತು, ಹತ್ತು ವರ್ಷ ಅಂತ. ಆದರೆ ಅದು ಸದನದ ನಿಯಮ. ಪ್ರತಿ ಹೊಸ ಸದನ ತನ್ನ ನಿಯಮ ತಾನೇ ಬರೆಯುತ್ತೆ. ಬಹುಮತ ಜೇಬಿನಲ್ಲಿರುವವರಿಗೆ ಅದನ್ನು ಅಳಿಸೋದು ಎಷ್ಟು ಹೊತ್ತಿನ ಕೆಲಸ? ಪಕ್ಕದ ಮಿಷಿಗನ್‌ನಲ್ಲಿ ಮಿತಿ ಇರುವುದು ರಾಜ್ಯದ ಸಂವಿಧಾನದಲ್ಲಿ, ಜನರ ವೋಟಿನಿಂದ. ಅಲ್ಲಿ ಸೀಟು ತಾನಾಗಿ ಖಾಲಿಯಾಗುತ್ತೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2020ರಲ್ಲಿ ಡೆಟ್ರಾಯಿಟ್‌ನಿಂದ ಆ ಸದನಕ್ಕೆ ಗೆದ್ದದ್ದು ಹಳಬರ ಅವಧಿ ಮುಗಿದು ತೆರವಾದ ಸೀಟಿನಿಂದ. ಐವತ್ತು ವರ್ಷ ಕೂತವರ ಕ್ಷೇತ್ರವಾಗಿದ್ದರೆ ಆಗ್ತಿತ್ತಾ?

ವಿರೋಧ: ಕಲಿಯುವಷ್ಟರಲ್ಲಿ ಗಂಟುಮೂಟೆ

ಥಾಣೇದಾರ್ ಎರಡೇ ವರ್ಷದಲ್ಲಿ ಆ ಸದನ ಬಿಟ್ಟು ವಾಷಿಂಗ್ಟನ್‌ನ ಸಂಸತ್ತಿಗೆ ಹೋದರು ಅನ್ನೋದನ್ನು ಗೆಳೆಯರು ಹೇಳಲಿಲ್ಲ. ಇರಲಿ.

ಮಿಷಿಗನ್ ಮತದಾರರು 1992ರಲ್ಲಿ ಹಾಕಿದ ಮಿತಿ ಹೀಗಿತ್ತು: ಕೆಳಮನೆಯಲ್ಲಿ ಆರು ವರ್ಷ, ಮೇಲ್ಮನೆಯಲ್ಲಿ ಎಂಟು. ಆಮೇಲೆ ಜನ್ಮದಲ್ಲಿ ಮತ್ತೆ ಆ ಮನೆಗೆ ಕಾಲಿಡುವ ಹಾಗಿಲ್ಲ. 1998ರ ಚುನಾವಣೆಯಲ್ಲಿ ಕೆಳಮನೆಯ 110 ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಟ್ಟಿಗೇ ಮನೆಗೆ ಹೋದರು. ಒಂದು ಶಾಲೆಯ ಅರ್ಧ ಮೇಷ್ಟ್ರುಗಳು ಒಂದೇ ದಿನ ನಿವೃತ್ತರಾದರೆ ಹೇಗಿರುತ್ತೆ, ಯೋಚಿಸಿ.

1999ರಿಂದ 2022ರವರೆಗೆ, 24 ವರ್ಷದಲ್ಲಿ ಮಿಷಿಗನ್ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಒಂಬತ್ತು ಸ್ಪೀಕರ್‌ಗಳು. ಯಾರೂ ನಾಲ್ಕು ವರ್ಷ ದಾಟಲಿಲ್ಲ. 2019ರಲ್ಲಿ ಸ್ಪೀಕರ್ ಆದ ಲೀ ಚ್ಯಾಟ್‌ಫೀಲ್ಡ್‌ಗೆ 30 ವರ್ಷ. ವಯಸ್ಸಿನ ತಕರಾರಲ್ಲ ನನ್ನದು. ಆ ಕುರ್ಚಿಯಲ್ಲಿ ಕೂರುವ ದಿನವೇ ಇನ್ನೆರಡು ವರ್ಷಕ್ಕೆ ಹೊರಗೆ ಅಂತ ಅವರಿಗೂ ಗೊತ್ತು, ಸದನಕ್ಕೂ ಗೊತ್ತು. ಅಂಥವರು ಗದರಿದರೆ ಯಾರು ಕೇಳ್ತಾರೆ? ಹೊಸಬರು ಮುಂದಿನ ಸ್ಪೀಕರ್ ಯಾರು ಅಂತ ಲೆಕ್ಕ ಹಾಕ್ತಿರ್ತಾರೆ.

ಒಬ್ಬ ಹೊಸ ಶಾಸಕಿಯನ್ನು ಊಹಿಸಿಕೊಳ್ಳಿ. ಮೇಜಿನ ಮೇಲೆ ನೂರಾರು ಪುಟದ ಬಜೆಟ್. ಈ ಸಾಲಿನ ದುಡ್ಡು ಯಾಕೆ ಬಂತು, ಹತ್ತು ವರ್ಷದ ಹಿಂದೆ ಯಾವ ರಾಜಿಯಲ್ಲಿ ಸೇರಿತು ಅಂತ ಕೇಳಬೇಕು. ಪಕ್ಕದ ಸೀಟಿನವರು ಬಂದೂ ಮೂರೇ ವರ್ಷ. ಗೊತ್ತಿರೋದು ಇಲಾಖೆಯ ಅಧಿಕಾರಿಗೆ, ಇಲ್ಲಾಂದ್ರೆ ಕಂಪನಿಗಳ ಪರ ಶಾಸಕರ ಮನವೊಲಿಸಲು ಹೊರಗೆ ಕಾರಿಡಾರ್‌ನಲ್ಲಿ ನಿಂತಿರುವ ಲಾಬಿಯವನಿಗೆ. ಅವನಿಗೆ ಯಾವ ಮಿತಿಯೂ ಇಲ್ಲ. 2007ರ ಅಕ್ಟೋಬರ್ 1ರ ಬೆಳಗಿನ ಜಾವ ಬಜೆಟ್ ಪಾಸಾಗದೆ ಅಲ್ಲಿ ಸರ್ಕಾರವೇ ಕೆಲವು ಗಂಟೆ ಬಾಗಿಲು ಹಾಕಿತ್ತು. ಅದಕ್ಕೆ ಮಿತಿಯೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಇಂಥ ಬಿಕ್ಕಟ್ಟು ಬಿಡಿಸಿ ಗೊತ್ತಿದ್ದ ಹಳಬರು ಆಗ ಕೆಳಮನೆಯಲ್ಲಿ ಇರಲಿಲ್ಲ.

ಜನರಿಗೂ ಇದು ಅರ್ಥವಾಯಿತು. 2022ರಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ನಿಯಮ ಸಡಿಲಿಸಿದರು: ಒಟ್ಟು 12 ವರ್ಷ, ಬೇಕಾದರೆ ಪೂರ್ತಿ ಒಂದೇ ಮನೆಯಲ್ಲಿ. ಮಿತಿ ಹೋಗಲಿಲ್ಲ, ನಿಜ. ನನಗೆ ಅದೂ ಬೇಡವಾಗಿತ್ತು.

ಇನ್ನು ಭ್ರಷ್ಟಾಚಾರದ ಮಾತು. ಮ್ಯಾಡಿಗನ್ ಕಥೆ ಹೇಳಿದವರು ರಿಕ್ ಜಾನ್ಸನ್ ಹೆಸರು ಎತ್ತಲಿಲ್ಲ. ಮಿಷಿಗನ್‌ನಲ್ಲಿ 2001ರಿಂದ ನಾಲ್ಕೇ ವರ್ಷ ಸ್ಪೀಕರ್. ಮಿತಿ ಪ್ರಕಾರ ಎದ್ದು ಹೊರಟು ಲಾಬಿ ಕೆಲಸ ಹಿಡಿದರು. ಆಮೇಲೆ ವೈದ್ಯಕೀಯ ಗಾಂಜಾ ವ್ಯಾಪಾರಕ್ಕೆ ಲೈಸೆನ್ಸ್ ಕೊಡುವ ಮಂಡಳಿಗೆ ಅಧ್ಯಕ್ಷರಾದರು. ಅಲ್ಲಿ ಲಂಚ ತಗೊಂಡು ಸಿಕ್ಕಿಬಿದ್ದರು. 2023ರಲ್ಲಿ 55 ತಿಂಗಳ ಶಿಕ್ಷೆ ಆಯಿತು. ಸದನ ಬಿಟ್ಟದ್ದು 2004ರ ಕೊನೆಗೆ, ಆ ಮಂಡಳಿಗೆ ಬಂದದ್ದು 2017ರಲ್ಲಿ.