ಎಲ್ಲಾ ಗೊತ್ತಿದ್ದೂ ಬರೆಯದ ವರದಿಗಾರರು

ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಮೂರ್ನಾಲ್ಕು ಪತ್ತೇದಾರಿ ಕಾದಂಬರಿಗಳ ಗುಟ್ಟು ಬಯಲಾಗಿದೆ. ಆಮೇಲೆ ಬೈಯಬೇಡಿ.

ಪತ್ತೇದಾರಿ ಕಥೆ ಬರೆಯುವವರಿಗೆ ಪತ್ರಕರ್ತನಷ್ಟು ಅನುಕೂಲದ ನಾಯಕ ಇನ್ನೊಬ್ಬನಿಲ್ಲ. ಬ್ಯಾಂಕ್ ಗುಮಾಸ್ತನೋ ಮೇಷ್ಟ್ರೋ ಕೊಲೆಯಾದ ಮನೆಗೆ ಹೋಗಿ ಪ್ರಶ್ನೆ ಕೇಳಿದರೆ 'ನೀನ್ಯಾರಪ್ಪ ಕೇಳೋಕೆ' ಅಂತ ಬಾಗಿಲು ಹಾಕುತ್ತಾರೆ. ವರದಿಗಾರನಿಗೆ ಆ ತಾಪತ್ರಯ ಇಲ್ಲ. ಕೇಳೋದಕ್ಕೇ ಅವನಿಗೆ ಸಂಬಳ.

ಜಿಲ್ಲಾ ಕೇಂದ್ರದ ಒಂದು ಪತ್ರಿಕೆಯಲ್ಲಿ ಆರು ವರ್ಷ ಕ್ರೈಂ ನೋಡಿಕೊಂಡವನು ನಾನು. ಪತ್ತೆ ಮಾಡಿದ ಕೊಲೆಗಳ ಸಂಖ್ಯೆ ಸೊನ್ನೆ. ಬೆಳಿಗ್ಗೆ ಠಾಣೆಗಳಿಗೆ ಫೋನ್, 'ಏನಾದ್ರೂ ಇದೆಯಾ ಸಾರ್'. ಮಧ್ಯಾಹ್ನ ಎಫ್‌ಐಆರ್ ಪ್ರತಿಗೆ ಕಾಯೋದು. ಸಂಜೆ ಎಸ್‌ಪಿ ಕಚೇರಿಯ ಪ್ರೆಸ್‌ನೋಟು. ಅದಕ್ಕೇ ಇಂಥ ಕಾದಂಬರಿ ಓದುವಾಗ ಹೀರೋ ಕೊಲೆಗಾರನನ್ನು ಹೇಗೆ ಹಿಡಿದ ಅನ್ನೋದರ ಮೇಲೆ ನನಗೆ ಅಷ್ಟೇನೂ ಕಣ್ಣಿಲ್ಲ. ಹಿಡಿದ ಮೇಲೆ ಸುದ್ದಿ ಏನು ಮಾಡಿದ? ಡೆಸ್ಕ್‌ಗೆ ಕಳಿಸಿದನಾ, ಇಲ್ಲವಾ? ನಾನು ನೋಡೋದು ಅಷ್ಟೇ.

ಹಾಗೆ ನೋಡುತ್ತಾ ಹೋದರೆ ತಮಾಷೆ ಇದೆ. ದೊಡ್ಡ ದೊಡ್ಡ ವರದಿಗಾರ ಪತ್ತೇದಾರರೆಲ್ಲ ಸುದ್ದಿ ನುಂಗಿದವರೇ.

1907ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಲೆರೂ 'ಹಳದಿ ಕೋಣೆಯ ರಹಸ್ಯ' ಬರೆದ. ಒಳಗಿನಿಂದ ಚಿಲಕ ಹಾಕಿದ ಕೋಣೆ, ಒಳಗೆ ಪೆಟ್ಟು ತಿಂದು ಬಿದ್ದಿರುವ ಹೆಂಗಸು, ಹೊಡೆದವನು ಮಾಯ. ಲೆರೂ ಸ್ವತಃ ಕೋರ್ಟು ಕಲಾಪ ವರದಿ ಮಾಡುತ್ತಿದ್ದವನು. ಅವನ ಹೀರೋ ರೂಲ್‌ತಾಬಿಯ್‌ಗೆ ಹದಿನೆಂಟು ವರ್ಷ. ಆ ಹುಡುಗನಿಗೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿದ್ದು ಹೇಗೆ ಗೊತ್ತಾ? ಪ್ಯಾರಿಸ್ಸಿನಲ್ಲಿ ತುಂಡು ತುಂಡಾಗಿ ಸಿಕ್ಕಿದ ಒಬ್ಬ ಹೆಂಗಸಿನ ಎಡ ಪಾದ ಮಾತ್ರ ನಾಪತ್ತೆಯಾಗಿತ್ತು. ಪೊಲೀಸರು ಒಂದು ವಾರದಿಂದ ಹುಡುಕುತ್ತಿದ್ದರು. ಇವನು ಚರಂಡಿಯಿಂದ ಅದನ್ನು ಎತ್ತಿ, ಬುಟ್ಟಿಯಲ್ಲಿಟ್ಟುಕೊಂಡು ಸಂಪಾದಕರ ಮುಂದೆ ಹಾಜರಾದ. ನಮ್ಮ ಕಡೆ ಬಯೋಡೇಟಾ, ಎರಡು ಫೋಟೋ ಕೇಳುತ್ತಾರೆ!

ಇಂಥ ಹುಡುಗ ಕೊನೆಗೆ ಕೋರ್ಟಿನಲ್ಲಿ ನಿಂತು, ಸಂಜೆ ಆರೂವರೆಗೆ ಮುಂಚೆ ಅಪರಾಧಿಯ ಹೆಸರು ಹೇಳುವುದಿಲ್ಲ ಅಂತ ಹಟ ಹಿಡಿಯುತ್ತಾನೆ. ಆಮೇಲೆ ನೋಡಿದರೆ ಅಪರಾಧಿಗೆ ತಪ್ಪಿಸಿಕೊಳ್ಳಲು ಅವನೇ ಸಮಯ ಕೊಟ್ಟಿದ್ದಾನೆ. ಆ ಮನುಷ್ಯ ಕಟಕಟೆಯಲ್ಲಿ ಬಾಯಿಬಿಟ್ಟರೆ ಆ ಹೆಂಗಸಿನ ಹಳೆಯ ಗುಟ್ಟು ಊರಿಗೆಲ್ಲ ಹಂಚಿಹೋಗುತ್ತದೆ, ಅದಕ್ಕೆ. ಸುದ್ದಿಯ ಅರ್ಧ ಭಾಗ ಹುಡುಗನ ಹೊಟ್ಟೆಯಲ್ಲೇ ಉಳಿಯಿತು.

1913ರಲ್ಲಿ ಇಂಗ್ಲೆಂಡಿನ ಇ.ಸಿ. ಬೆಂಟ್ಲಿ ಸೃಷ್ಟಿಸಿದ ಟ್ರೆಂಟ್ ಇನ್ನೂ ಮಜಾ. ಅವನು ಚಿತ್ರಕಾರ, ನಡುನಡುವೆ ಪತ್ರಿಕೆಗಾಗಿ ಕೊಲೆ ಕೇಸು ಬೆನ್ನು ಹತ್ತುತ್ತಾನೆ. ಒಬ್ಬ ಅಮೆರಿಕನ್ ಶ್ರೀಮಂತನ ಕೊಲೆಯ ಪೂರ್ತಿ ವರದಿ ಬರೆದು ಮುಗಿಸುತ್ತಾನೆ. ಅಷ್ಟರಲ್ಲಿ ಸತ್ತವನ ಹೆಂಡತಿಯ ಮೇಲೆ ಮನಸ್ಸಾಗಿಬಿಟ್ಟಿದೆ. ವರದಿಯನ್ನು ಸಂಪಾದಕರಿಗೆ ಕಳಿಸುವ ಬದಲು ಆಕೆಯ ಕೈಗೇ ಕೊಟ್ಟು ಹೊರಟುಹೋಗುತ್ತಾನೆ. ಮುಂದೆ ಗೊತ್ತಾಗುತ್ತದೆ, ಅವನ ಲೆಕ್ಕಾಚಾರವೇ ತಪ್ಪು. ಅದು ಅಚ್ಚಾಗಿದ್ದರೆ ಕೊಲೆ ಮಾಡದವನೊಬ್ಬ ಗಲ್ಲಿಗೆ ಹೋಗುತ್ತಿದ್ದ. ಕ್ರೈಂ ವರದಿಗಾರರಿಗೆ ಟ್ರೈನಿಂಗ್ ಕೊಡುವವರು ಈ ಒಂದು ಅಧ್ಯಾಯ ಓದಿಸಿದರೆ ಸಾಕು ಅನಿಸುತ್ತದೆ ನನಗೆ. ಸುದ್ದಿಯ ಮೇಲೆ ಹೆಸರು (ಬೈಲೈನ್) ಬರಲಿ ಅನ್ನೋ ಆಸೆಗೆ ರಾತ್ರಿ ಹತ್ತೂವರೆಗೆ ನಾವು ತುರುಕುವ 'ಎನ್ನಲಾಗಿದೆ'ಗಳು ಎಷ್ಟೋ.

ಅಮೆರಿಕದ ಮೈಕೆಲ್ ಕಾನೆಲಿ ಸೃಷ್ಟಿಸಿದ ವರದಿಗಾರ ಜ್ಯಾಕ್ ಮೆಕ್‌ಎವಾಯ್ ಹೀಗಲ್ಲ. 1996ರ 'ದಿ ಪೊಯೆಟ್' ಕಾದಂಬರಿಯಲ್ಲಿ ಪೊಲೀಸ್ ಆಗಿದ್ದ ಅವಳಿ ಸೋದರನ ಸಾವನ್ನು ಆತ್ಮಹತ್ಯೆ ಅಂತ ಇಲಾಖೆ ತೀರ್ಮಾನಿಸಿದಾಗ, ಇವನು 'ಇದರ ಮೇಲೆ ಬರೆಯಬೇಕು' ಅಂತ ಹೊರಡುತ್ತಾನೆ. ಒಡಹುಟ್ಟಿದವನು! ಕೇಳಿದರೆ ಮುಜುಗರ, ಆದರೆ ನಾನು ಓದಿದ ವರದಿಗಾರರಲ್ಲಿ ಅತ್ಯಂತ ಪ್ರಾಮಾಣಿಕ ಅವನೇ.

ನನ್ನ ತಕರಾರು ಇರೋದು ಸ್ವೀಡನ್ನಿನ ಪತ್ರಕರ್ತ ಬ್ಲೂಮ್‌ಕ್ವಿಸ್ಟ್ ಮೇಲೆ. ಸ್ಟೀಗ್ ಲಾರ್ಸನ್ ತೀರಿಕೊಂಡ ಮರುವರ್ಷ, 2005ರಲ್ಲಿ ಬಂದ, ಇಂಗ್ಲಿಷಿನಲ್ಲಿ 'ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ' ಅನ್ನೋ ಹೆಸರಿನ ಕಾದಂಬರಿಯ ಹೀರೋ ಅವನು. ಶುರುವಿನಲ್ಲೇ ಬ್ಲೂಮ್‌ಕ್ವಿಸ್ಟ್‌ಗೆ ಮಾನನಷ್ಟ ಕೇಸಿನಲ್ಲಿ ಮೂರು ತಿಂಗಳು ಜೈಲು. ಒಬ್ಬ ದೊಡ್ಡ ಉದ್ಯಮಿಯ ವಿರುದ್ಧ ಬರೆದದ್ದಕ್ಕೆ ಪುರಾವೆ ಇರಲಿಲ್ಲ. ಸತ್ಯಕ್ಕೆ ಬೆಲೆ ತೆತ್ತವನು, ಸರಿ. ಆಮೇಲೆ 1966ರಲ್ಲಿ ಕಾಣೆಯಾದ ಹುಡುಗಿಯನ್ನು ಹುಡುಕುತ್ತಾ ಹೋಗಿ, ಆಕೆಯದೇ ಶ್ರೀಮಂತ ವಾಂಗರ್ ಕುಟುಂಬದೊಳಗೆ ಹೆಂಗಸರನ್ನು ಕೊಲ್ಲುತ್ತಾ ಬಂದ ಅಪ್ಪ ಮಗನನ್ನು ಪತ್ತೆ ಮಾಡುತ್ತಾನೆ. ಇದಕ್ಕಿಂತ ದೊಡ್ಡ ಸುದ್ದಿ ಜನ್ಮದಲ್ಲಿ ಸಿಗುತ್ತಾ? ಅವನು ಬರೆಯುವುದಿಲ್ಲ. ಕುಟುಂಬದ ಮಾನ, ಕಂಪನಿ, ಕೆಲಸಗಾರರು ಅಂತ ಕಾರಣಗಳು ಬರುತ್ತವೆ. ತನಿಖೆಯಲ್ಲಿ ಅವನ ಜೊತೆಗಿದ್ದ ಹ್ಯಾಕರ್ ಸಲಾಂಡರ್ ಮಹಿಳಾ ಆಶ್ರಯ ಕೇಂದ್ರಗಳಿಗೆ ದುಡ್ಡು ಕೊಡಬೇಕೆಂದು ಷರತ್ತು ಹಾಕುತ್ತಾಳೆ. ಬಾಗಿಲು ಮುಚ್ಚುತ್ತದೆ. ಕೊನೆಗೆ ಆ ಉದ್ಯಮಿಯ ವಿರುದ್ಧ ಇನ್ನೊಂದು ಸ್ಟೋರಿ ಮಾಡಿ ಅವನು ದೇಶಕ್ಕೇ ಹೀರೋ ಆಗುತ್ತಾನೆ.

ಸತ್ತ ಹೆಂಗಸರ ಮನೆಯವರಿಗೆ ಯಾರು ಹೇಳುತ್ತಾರೆ? ರೂಲ್‌ತಾಬಿಯ್ ಪೆಟ್ಟು ತಿಂದವಳ ಪರವಾಗಿ ಬಾಯಿ ಮುಚ್ಚಿದ. ಇವನು ಹೊಡೆದವರ ಮನೆತನದ ಪರವಾಗಿ. ಲೇಖಕನಿಗೆ ಅದು ಗೊತ್ತಿತ್ತು, ಹೀರೋಗೆ ಸಂಕಟವಾಗುವ ಹಾಗೆ ಬರೆದಿದ್ದಾನೆ. ಆದರೂ ನನಗೆ ಸಿಟ್ಟು ಇಳಿದಿಲ್ಲ.

ಇಳಿಯದಿರಲು ನನ್ನದೇ ಒಂದು ಕಾರಣ ಇದೆ. ಕನ್ನಡ ಪತ್ರಿಕೆ ಓದುವವರಿಗೆಲ್ಲ 'ಹೊಟ್ಟೆನೋವು ತಾಳಲಾರದೆ', 'ಜೀವನದಲ್ಲಿ ಜಿಗುಪ್ಸೆಗೊಂಡು' ಅನ್ನೋ ಸಾಲುಗಳು ಬಾಯಿಪಾಠ ಅಲ್ವಾ? ಒಂದು ರಾತ್ರಿ ಪುಟ ಮುಗಿಸುವ ಗಡಿಬಿಡಿಯಲ್ಲಿ ಒಬ್ಬರು ಆಫೀಸಿಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದರು. ಪತ್ರಿಕೆ ಆಫೀಸಿಗೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ. ಮಗಳು ಹೋಗಿ ಒಂದು ದಿನವಾಗಿತ್ತು. ಯಾಕೆ ಹೋದಳು, ಯಾರಿಂದ ಹೋದಳು, ಎರಡೂ ನನಗೆ ಗೊತ್ತಿತ್ತು. ಪತ್ತೇದಾರಿಕೆ ಏನಲ್ಲ, ಅರ್ಧ ಊರಿಗೆ ಗೊತ್ತಿತ್ತು. 'ಹೊಟ್ಟೆನೋವು ಅಂತ ಹಾಕಿ ಸಾರ್, ಇನ್ನೊಬ್ಬಳಿದ್ದಾಳೆ ಮದುವೆಗೆ' ಅಂದರು.

ಹಾಕಿದೆ. ನಾಲ್ಕು ಸಾಲು, ಐದನೇ ಪುಟ.

ಅವರ ಪರವಾಗಿ ಬಾಯಿ ಮುಚ್ಚಿದೆ ಅಂದುಕೊಂಡಿದ್ದೆ. ಹೋದ ವರ್ಷ ಆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಎದುರು ಗಣೇಶೋತ್ಸವದ ಫ್ಲೆಕ್ಸ್ ಇತ್ತು. ಶುಭಾಶಯ ಕೋರುವವರ ಸಾಲಿನಲ್ಲಿ, ಎಡದಿಂದ ಮೂರನೆಯವನು, ಅವನೇ. ಕೈ ಮುಗಿದು ನಗುತ್ತಿದ್ದ.