ಒಂದು ಸ್ಪೈರಲ್ ಬೈಂಡಿಂಗ್, 140 ರೂಪಾಯಿ, 53 ದಿನ

ಪೇಪರ್ ತಂದವನು ಅಂಗಡಿ ಮುಂದೆ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಹತ್ತು ರೀಮ್ ಇಳಿಸಿ ಆಗಿತ್ತು. ಫೋನ್ ತೆಗೆದು ದುಡ್ಡು ಕಳಿಸಿದೆ. ಫೇಲ್. ಇನ್ನೊಮ್ಮೆ ಕಳಿಸಿದೆ. ಫೇಲ್. "ಸರ್ವರ್ ಡೌನ್ ಇರ್ಬೇಕು ಬಿಡಣ್ಣ, ನಾಳೆ ಹಾಕು" ಅಂದು ಹೋದ. ಒಳ್ಳೆ ಹುಡುಗ. ನಾನೂ ಸರ್ವರ್ ಅಂತಲೇ ಅಂದುಕೊಂಡು ಸುಮ್ಮನಾದೆ.

ಸರ್ವರ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನನ್ನ ಹಣೆಬರಹ.

ನನ್ನದು ಹಾಸನ ಜಿಲ್ಲೆಯ ಒಂದು ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಹದಿನಾರು ವರ್ಷದಿಂದ ಅದೇ ಜಾಗ. ಪಹಣಿ, ಜಾತಿ ಪ್ರಮಾಣಪತ್ರ, ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡ್ ತಿದ್ದುಪಡಿ, ಎಲ್ಲದಕ್ಕೂ ಜನ ಮೊದಲು ನನ್ನ ಹತ್ತಿರ ಬರುತ್ತಾರೆ, ಆಮೇಲೆ ಕಚೇರಿ ಮೆಟ್ಟಿಲು ಹತ್ತುತ್ತಾರೆ. ಈ ತಾಲೂಕಿನ ಅರ್ಧ ಜನರ ಆಧಾರ್ ಕಾರ್ಡ್ ನನ್ನ ಗಾಜಿನ ಮೇಲೆ ಮಲಗಿ ಎದ್ದಿದೆ. ಯಾರದೂ ಒಂದು ಕಾಪಿ ಇಟ್ಟುಕೊಂಡವನಲ್ಲ ನಾನು. ಸರಿಯಾಗಿ ಬಾರದ ಪ್ರಿಂಟನ್ನೂ ಹರಿದೇ ಬಿಸಾಕುತ್ತೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಮಾರನೇ ದಿನವೂ ದುಡ್ಡು ಹೋಗಲಿಲ್ಲ. ಬ್ಯಾಂಕಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ನಂಬರ್ ಒತ್ತಿ ನೋಡಿದ. ಮುಖ ಸಣ್ಣ ಮಾಡಿಕೊಂಡ. "ಸಾರ್, ನಿಮ್ ಅಕೌಂಟ್ ಡೆಬಿಟ್ ಫ್ರೀಜ್ ಆಗಿದೆ. ಸೈಬರ್ ಕೇಸ್" ಅಂದ. ಮೆಲ್ಲಗೇ ಅಂದ. ಆದರೆ ಸಣ್ಣ ಊರಿನ ಬ್ಯಾಂಕಿನಲ್ಲಿ ಮೆಲ್ಲಗೆ ಅನ್ನುವುದು ಯಾವುದೂ ಇರುವುದಿಲ್ಲ. ಹಿಂದೆ ಸಾಲಿನಲ್ಲಿದ್ದ ಆರು ಜನರಿಗೂ ಕೇಳಿಸಿತು. ಸಂಜೆ ಹೊತ್ತಿಗೆ ಸಂತೆಗೂ ಕೇಳಿಸಿತ್ತು. ಮೂರು ದಿನದ ಮೇಲೆ ಪಿಂಚಣಿ ಅರ್ಜಿಗೆ ಬಂದ ಅಜ್ಜಿಯೊಬ್ಬರು, "ಏನಪ್ಪಾ, ನಿನ್ನ ದುಡ್ಡನ್ನ ಪೊಲೀಸ್ನೋರು ಹಿಡ್ಕಂಡವ್ರಂತೆ? ಅಂಥದ್ದೇನ್ ಮಾಡ್ದೆ?" ಅಂತ ಕೇಳಿದರು. ಏನು ಹೇಳಲಿ? ಅಂಥದ್ದೇನು ಮಾಡಿದೆ ಅಂತ ನನಗೇ ಗೊತ್ತಿರಲಿಲ್ಲ.

ಡೆಬಿಟ್ ಫ್ರೀಜ್ ಅಂದರೆ ದುಡ್ಡು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಮಲೆನಾಡಿನ ಕಡೆ ಗದ್ದೆಯ ನೀರಿಗೆ ಬಿದಿರಿನ ಕೂಳಿ ಇಡುತ್ತಾರಲ್ಲ, ಮೀನು ನುಗ್ಗುತ್ತದೆ, ವಾಪಸ್ ಬರಲಾರದು, ಥೇಟ್ ಅದೇ. ಹಿಂದಿನ ದಿನವಿಡೀ ಜನ ಕ್ಯೂಆರ್ ಸ್ಕ್ಯಾನ್ ಮಾಡುತ್ತಲೇ ಇದ್ದರು, ಗೋಡೆ ಮೇಲಿನ ಡಬ್ಬಿ "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗುತ್ತಲೇ ಇತ್ತು. ನಾನು ಖುಷಿಯಲ್ಲಿ ಕೂಳಿ ತುಂಬಿಸುತ್ತಿದ್ದೆ. ಒಟ್ಟು 61,300 ರೂಪಾಯಿ ಒಳಗೆ ಸಿಕ್ಕಿಕೊಂಡಿತ್ತು.

ನನಗೆ ಮೊದಲು ಕೋಪ ಬಂದಿದ್ದು ಎಲ್ಲಿ ಗೊತ್ತಾ? ಒಂದು ಮೆಸೇಜ್ ಕೂಡ ಬಂದಿರಲಿಲ್ಲ. ಅಕೌಂಟಿಗೆ ಎರಡು ರೂಪಾಯಿ ಬಂದರೆ ಮೆಸೇಜ್. ನನ್ನ ಹುಟ್ಟಿದಹಬ್ಬಕ್ಕೆ ಮೆಸೇಜ್. ಅಕೌಂಟ್ ಬೀಗ ಹಾಕಿದ ವಾರದಲ್ಲೇ "ನಿಮಗಾಗಿ 3 ಲಕ್ಷ ಸಾಲ ಸಿದ್ಧವಿದೆ" ಅಂತ ಎರಡು ಮೆಸೇಜ್. ಬೀಗ ಹಾಕಿದ್ದಕ್ಕೆ ಮಾತ್ರ ಇಲ್ಲ. ಮನೆ ಜಪ್ತಿ ಮಾಡಲು ಬರುವ ಅಮೀನನಾದರೂ ಬಾಗಿಲು ತಟ್ಟುತ್ತಾನೆ.

ಯಾರು ಹಾಕಿದ್ದು ಅಂತ ಕೇಳಿದೆ. "ನಾವಲ್ಲ ಸಾರ್, ಮೇಲಿಂದ ಬಂದಿರೋದು." ಮೇಲೆ ಅಂದರೆ? ಬೇರೊಂದು ರಾಜ್ಯದ ಸೈಬರ್ ಠಾಣೆ. ಯಾವ ರಾಜ್ಯ ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿಯ ಹೆಸರಲ್ಲಿ ಇನ್ನೊಂದು ಅಕೌಂಟ್ ಇದೆ. ಇಲ್ಲಿಂದ ರೈಲಿನಲ್ಲಿ ಎರಡು ರಾತ್ರಿಯ ದಾರಿ ಅಂತ ಅಂದುಕೊಳ್ಳಿ. ಒಂದು ಚೀಟಿಯಲ್ಲಿ ದೂರಿನ ನಂಬರ್, ಒಂದು ಈಮೇಲ್ ವಿಳಾಸ ಬರೆದುಕೊಟ್ಟ. ಅಷ್ಟೇ.

ಆ ಚೀಟಿ ಹಿಡಿದು ನಾನು ತಿಳಿದುಕೊಂಡಿದ್ದು ಇಷ್ಟು. ಎಲ್ಲೋ ಒಬ್ಬರಿಗೆ ಮೋಸ ಆಗಿದೆ. ಅವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಾರೆ. ಕೇಂದ್ರ ಗೃಹ ಇಲಾಖೆಯ ಪೋರ್ಟಲ್‌ನಲ್ಲಿ ದೂರು ದಾಖಲಾಗಿದೆ. ಕಳ್ಳ ಆ ದುಡ್ಡನ್ನು ಒಂದು ಅಕೌಂಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ನಾಲ್ಕೈದಕ್ಕೆ ಹಂಚಿದ್ದಾನೆ. ದುಡ್ಡು ಹೋದ ದಾರಿಯಲ್ಲಿದ್ದ ಅಕೌಂಟುಗಳಿಗೆಲ್ಲ ಬೀಗ. ಇದಕ್ಕೆ ಅವರ ಭಾಷೆಯಲ್ಲಿ ಲೇಯರ್ ಅಂತಾರೆ. ನಾನು ನಾಲ್ಕನೇ ಲೇಯರ್ ಅಂತೆ. ಯಾರೋ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದು ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, 140 ರೂಪಾಯಿ ಸ್ಕ್ಯಾನ್ ಮಾಡಿ ಹೋಗಿದ್ದಾನೆ. ಆ 140ರ ಮೇಲೆ ಅನುಮಾನ. ಆ ಹುಡುಗ ಕಳ್ಳನೇ ಅಂತಲೂ ಹೇಳಲಾರೆ. ನನಗೆ ಬಂದ ಹಾಗೇ ಅವನಿಗೂ ಯಾರಿಂದಲೋ ಬಂದಿರಬಹುದು. ಮುಖ ನೆನಪಿಲ್ಲ. ನೀಲಿ ಬಣ್ಣದ ರಟ್ಟು ಕೇಳಿದ್ದ, ಅದು ಮಾತ್ರ ನೆನಪಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಕೇಳುತ್ತೀರಿ. ಮೋಸ ಹೋದವರ ದುಡ್ಡು ತಡೆಯಬೇಕು, ಬೇಗ ತಡೆಯಬೇಕು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರನ್ನು ವಿಡಿಯೋ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿ ಗ್ರಾಚ್ಯುಟಿ ದುಡ್ಡೆಲ್ಲ ಬಳಿದುಕೊಂಡು ಹೋದರು. ಅವರ ಮುಖ ನೋಡಲು ಆಗುತ್ತಿರಲಿಲ್ಲ. ಅಂಥವರಿಗಾಗಿ ಆ 140 ರೂಪಾಯಿ ತೆಗೆದುಕೊಳ್ಳಿ ಸ್ವಾಮಿ, ಇನ್ನೊಂದು ಸೊನ್ನೆ ಸೇರಿಸಿ ತೆಗೆದುಕೊಳ್ಳಿ, ಕೈ ಮುಗಿದು ಕೊಡುತ್ತೇನೆ. ಬ್ಯಾಂಕಿನಲ್ಲಿ ಇದನ್ನೇ ಹೇಳಿದೆ. "140 ಇಟ್ಕೊಂಡು ಉಳಿದಿದ್ದು ಬಿಡಿ." "ಸಿಸ್ಟಮ್ ತಗೊಳಲ್ಲ ಸಾರ್" ಅಂದ.

ಆ ಠಾಣೆಗೆ ಎಷ್ಟು ಸಲ ಫೋನ್ ಮಾಡಿದೆನೋ. ಹನ್ನೊಂದನೇ ಸಲ ಒಬ್ಬರು ಎತ್ತಿದರು. ಹಿಂದಿ. ನನಗೆ ಬರುವ ಹಿಂದಿ ಸಿನಿಮಾ ನೋಡಿ ಕಲಿತದ್ದು, ಅದರಲ್ಲಿ ಬೈಯುವುದಕ್ಕೆ ಆಗುತ್ತದೆ, ಬೇಡಿಕೊಳ್ಳಲು ಆಗುವುದಿಲ್ಲ. ಖುದ್ದಾಗಿ ಬನ್ನಿ ಅಂದರು. ಆಗುವುದಿಲ್ಲ ಅಂದೆ. ಹಾಗಾದರೆ ವಾಟ್ಸಾಪ್‌ನಲ್ಲಿ ದಾಖಲೆ ಕಳಿಸಿ ಅಂದು ಒಂದು ಮೊಬೈಲ್ ನಂಬರ್ ಕೊಟ್ಟರು. ಆಧಾರ್, ಪ್ಯಾನ್, ಅಂಗಡಿ ಲೈಸೆನ್ಸ್, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಜೊತೆಗೆ ಆ 140 ರೂಪಾಯಿಯ ಬಿಲ್.

ಸ್ಪೈರಲ್ ಬೈಂಡಿಂಗ್‌ಗೆ ಯಾರು ಬಿಲ್ ಕೊಡುತ್ತಾರೆ ಹೇಳಿ. ಯಾರು ಕೇಳುತ್ತಾರೆ?

ಬಿಲ್ ಹೋಗಲಿ. ಆ ವಾಟ್ಸಾಪ್ ನಂಬರ್ ನೋಡಿ ನನ್ನ ಕೈ ನಡುಗಿತು. ಪ್ರೊಫೈಲ್ ಫೋಟೋದಲ್ಲಿ ಒಂದು ಬುಲೆಟ್ ಬೈಕು. ಇದು ಪೊಲೀಸರದೋ, ಪೊಲೀಸ್ ಅಂತ ಹೇಳಿಕೊಳ್ಳುವ ಕಳ್ಳರದೋ? ಎಷ್ಟೋ ತಿಂಗಳ ಕಾಲ ಯಾರಿಗೆ ಫೋನ್ ಮಾಡಿದರೂ ಮೊದಲು ಸರ್ಕಾರದ ಎಚ್ಚರಿಕೆ ಕೇಳಿಸುತ್ತಿತ್ತು, ಪೊಲೀಸ್ ಅಂತ ಹೇಳಿಕೊಂಡು ಬರುವ ಕರೆ ನಂಬಬೇಡಿ, ಗೊತ್ತಿಲ್ಲದವರಿಗೆ ಮಾಹಿತಿ ಕೊಡಬೇಡಿ ಅಂತ. ಈಗ ಅದೇ ಸರ್ಕಾರದ ಪೊಲೀಸರು ಬುಲೆಟ್ ಬೈಕಿಗೆ ನನ್ನ ಆಧಾರ್ ಕಳಿಸು ಅನ್ನುತ್ತಿದ್ದಾರೆ. ಹದಿನಾರು ವರ್ಷ ಊರವರ ಕಾರ್ಡು ಕಾದವನು ನಾನು, ನನ್ನದನ್ನೇ ಕಾಯಲು ಆಗಲಿಲ್ಲ.

ಕಳಿಸಿದೆ. ಇನ್ನೇನು ಮಾಡಲಿ?

ಒಂದು ವರ್ಷದ ಸ್ಟೇಟ್‌ಮೆಂಟ್‌ನಲ್ಲಿ ಏನಿರುತ್ತದೆ ಅಂತ ನೀವು ಒಮ್ಮೆ ಕೂತು ಓದಿ ನೋಡಿ. ಅಮ್ಮನಿಗೆ ಯಾವ ಔಷಧಿ ಅಂಗಡಿ, ತಿಂಗಳಿಗೆ ಎಷ್ಟು. ಯಾವ ಭಾವಮೈದುನ ಸಾಲ ತೆಗೆದುಕೊಂಡು ವಾಪಸ್ ಕೊಟ್ಟಿಲ್ಲ. ಧರ್ಮಸ್ಥಳಕ್ಕೆ ಯಾವತ್ತು ಹೋಗಿದ್ದೆ, ದಾರಿಯಲ್ಲಿ ಎಲ್ಲಿ ಕಾಫಿ ಕುಡಿದೆ. ಭಾನುವಾರ ಸಂಜೆ ಯಾವ ಬಾರ್. ನನ್ನ ಹೆಂಡತಿಗೇ ಗೊತ್ತಿಲ್ಲದ್ದೆಲ್ಲ ಆ ಠಾಣೆಯ ಯಾರದ್ದೋ ಫೋನಿನಲ್ಲಿ ಕೂತಿದೆ. ಯಾರಾದರೂ ಅಳಿಸಿದರೋ ಇಲ್ಲವೋ ಗೊತ್ತಿಲ್ಲ. ಕೇಳಲು ಒಂದು ಬಾಗಿಲೂ ಇಲ್ಲ.

ನನ್ನ ಅಂಗಡಿಗೆ ಬರುವ ವಕೀಲರೊಬ್ಬರು ಇದ್ದಾರೆ. ಹದಿನೈದು ವರ್ಷದ ಗಿರಾಕಿ, ಅರ್ಧ ಲೆಕ್ಕ ಬಾಕಿಯಲ್ಲೇ ಇರುತ್ತದೆ. ಅವರು ಕೂತು ಬಿಡಿಸಿ ಹೇಳಿದರು. ಕ್ರಿಮಿನಲ್ ಕೇಸು ನಡೆಸುವ ಹಳೇ ಕಾಯ್ದೆ ಸಿಆರ್‌ಪಿಸಿಯ 102ನೇ ಕಲಮು, 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ 106 ಆಗಿದೆ. ಅನುಮಾನ ಬಂದ ಸ್ವತ್ತನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳಬಹುದು. ಬ್ಯಾಂಕ್ ಖಾತೆಯೂ ಸ್ವತ್ತೇ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಹಾಗೆ ಮಾಡಿದರೆ ಮ್ಯಾಜಿಸ್ಟ್ರೇಟರಿಗೆ ತಡ ಮಾಡದೆ ತಿಳಿಸಬೇಕು. ಪಕ್ಕದಲ್ಲೇ 107 ಇದೆ, ಅಪರಾಧದಿಂದ ಬಂದ ಆಸ್ತಿ ಜಪ್ತಿ ಮಾಡುವುದಾದರೆ ಕೋರ್ಟಿಗೆ ಹೋಗಬೇಕು, ನೋಟಿಸ್ ಕೊಟ್ಟು 14 ದಿನ ಸಮಯ ಕೊಡಬೇಕು. ಇಂಥ ಫ್ರೀಜ್‌ಗೆ ಯಾವ ಕಲಮು ಅಂತ ಹೈಕೋರ್ಟುಗಳಲ್ಲೇ ವಾದ ನಡೆಯುತ್ತಿದೆಯಂತೆ. ಅನುಮಾನ ಬಂದಷ್ಟು ಮೊತ್ತ ಮಾತ್ರ ತಡೆಯಿರಿ, ಇಡೀ ಖಾತೆ ಬೇಡ ಅಂತ ಕೇರಳ ಹೈಕೋರ್ಟ್ 2023ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

"ಹಂಗಾದ್ರೆ ನಂದು ತೆಗೀಬೇಕಲ್ವಾ ಸಾರ್?" ಅಂದೆ.

"ತೆಗೀಬೇಕು. ಹೈಕೋರ್ಟಿಗೆ ರಿಟ್ ಅರ್ಜಿ ಹಾಕ್ಬೇಕು. ಬೆಂಗಳೂರಲ್ಲಿ ನಮ್ ಸ್ನೇಹಿತ್ರು ಇದ್ದಾರೆ, ಒಂದು 25 ಸಾವಿರ ಆಗ್ಬಹುದು."

140 ರೂಪಾಯಿಗೆ! ಅದನ್ನು ಕೊಡಲಾದರೂ ಅಕೌಂಟ್ ತೆರೆದಿರಬೇಕಲ್ಲ.

ಅವರೇ ಪುಟ್ಟಸ್ವಾಮಿಯವರ ವಿಷಯ ತೆಗೆದರು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಮರು ವರ್ಷ, ಬ್ಯಾಂಕ್ ಖಾತೆಗೂ ಸಿಮ್‌ಗೂ ಆಧಾರ್ ಜೋಡಣೆ ಕಡ್ಡಾಯ ಅಲ್ಲ ಅಂತಲೂ ತೀರ್ಪು ಬಂತು. 2024ರಲ್ಲಿ ಅವರು ತೀರಿಕೊಂಡರು. ಅಷ್ಟು ದೊಡ್ಡ ಜೀವ ಆ ವಯಸ್ಸಿನಲ್ಲಿ ಹೋರಾಡಿ ತಂದುಕೊಟ್ಟದ್ದು, ನಮ್ಮ ತಾಲೂಕು ಕಚೇರಿಯ ಮೆಟ್ಟಿಲವರೆಗೂ ಬಂದಿಲ್ಲ. ತೀರ್ಪಿನ ಮೊದಲು ಎಷ್ಟು ಆಧಾರ್ ಜೆರಾಕ್ಸ್ ಮಾಡುತ್ತಿದ್ದೆನೋ ಆಮೇಲೆ ಅದಕ್ಕಿಂತ ಜಾಸ್ತಿಯೇ ಮಾಡಿದ್ದೇನೆ. ನನಗೆ ವ್ಯಾಪಾರ, ಅದು ಬೇರೆ ಮಾತು.

2023ರಲ್ಲಿ ಡೇಟಾ ರಕ್ಷಣೆಗೆ ಒಂದು ಕಾಯ್ದೆ ಬಂತಲ್ಲ, ಅದರಲ್ಲಾದರೂ ಏನಾದರೂ ಇದೆಯಾ ಅಂತ ಕೇಳಿದೆ. ವಕೀಲರು ನಕ್ಕರು. ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ತನ್ನ ಯಾವ ಸಂಸ್ಥೆಯನ್ನು ಬೇಕಾದರೂ ಅದರಿಂದ ಹೊರಗೆ ಇಡಬಹುದು. ಆದರೆ ನಾವು ನೀವು ಸುಳ್ಳು ದೂರು ಕೊಟ್ಟೆವು ಅಂತ ಆದರೆ 10,000 ರೂಪಾಯಿವರೆಗೆ ದಂಡ! ನನ್ನ ರಕ್ಷಣೆಗೆ ಮಾಡಿದ ಕಾಯ್ದೆಯಲ್ಲಿ ನನಗೇ ದಂಡ. ಇಂಥದ್ದನ್ನು ಯೋಚಿಸಿ ಬರೆದ ತಲೆ ಯಾವುದೋ.

ಅಷ್ಟರಲ್ಲಿ ಮೆಷಿನ್ ಸಾಲದ ಕಂತು ಬೌನ್ಸ್ ಆಯಿತು. 590 ರೂಪಾಯಿ ದಂಡ. ಮುಂದಿನ ತಿಂಗಳು ಮತ್ತೆ ಬೌನ್ಸ್, ಮತ್ತೆ 590. ಮಗಳ ಪಿಯು ಫೀಸು ಕಟ್ಟುವ ಕೊನೇ ದಿನ ಹತ್ತಿರ ಬಂತು. ಹೆಂಡತಿ ಏನೂ ಮಾತಾಡದೆ ಓಲೆ ಬಿಚ್ಚಿ ಮೇಜಿನ ಮೇಲಿಟ್ಟಳು. "ಸೊಸೈಟಿಲಿ ಇಟ್ಟು ಬನ್ನಿ, ಆಮೇಲೆ ಬಿಡಿಸ್ಕೊಳ್ಳೋಣ" ಅಂದಳು. ನನ್ನದೇ 61,300 ಇದ್ದೂ ಓಲೆ ಅಡ ಇಟ್ಟು ಬಂದೆ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಒಂದು ಕಾಲದಲ್ಲಿ ಈ ಕ್ಯೂಆರ್ ಹಾಕಿಸಿಕೊಳ್ಳಿ ಅಂತ ಅಂಗಡಿ ಅಂಗಡಿಗೂ ಬಂದು ದುಂಬಾಲು ಬಿದ್ದವರು ಇವರೇ ಅಲ್ವಾ? ನೋಟು ರದ್ದಾದಾಗ ಚಿಲ್ಲರೆ ಇಲ್ಲದೆ ಸತ್ತು ಹೋದಂತಾಗಿದ್ದ ನಾವು ಖುಷಿಯಿಂದಲೇ ಹಾಕಿಸಿಕೊಂಡೆವು. ಆಮೇಲೆ 2025ರ ಜುಲೈ ಬಂತು. ಯುಪಿಐ ಲೆಕ್ಕ ತೆಗೆದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿ, ಯಾರನ್ನೂ ಬಿಡಲಿಲ್ಲ. ಹಾವೇರಿಯ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟು ತೋರಿಸಿ 29 ಲಕ್ಷ ಕಟ್ಟು ಅಂದರು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಅನ್ನುವುದು ನೋಟಿಸ್ ಕಳಿಸಿದವರಿಗೆ ಹೊಳೆಯಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡ್ ನೇತಾಡಿದವು, ಬಂದ್ ಮಾಡುತ್ತೇವೆ ಅಂದರು, ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕೂರಿಸಿಕೊಂಡು ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಆವಾಗ ಟಿವಿ ನೋಡಿ ನಾನು, ಸದ್ಯ ನಮ್ಮದು ಅಷ್ಟೊಂದು ವ್ಯಾಪಾರ ಇಲ್ಲ, ಬಚಾವ್ ಅಂದುಕೊಂಡಿದ್ದೆ.

ಆ ನೋಟಿಸಿನವರಿಗೆ ಕೊನೇಪಕ್ಷ ಒಂದು ಕಾಗದ ಬಂತು. ಅದರ ಕೆಳಗೆ ಒಂದು ಕಚೇರಿ ಇತ್ತು, ಹೋಗಿ ಕೂಗಾಡಲು ಒಂದು ಮೇಜು ಇತ್ತು. ನನಗೆ ಅದೂ ಇಲ್ಲ. ಬ್ಯಾಂಕ್ ಕೇಳಿದರೆ ಪೊಲೀಸ್ ಅನ್ನುತ್ತಾರೆ. ಪೊಲೀಸ್ ಕೇಳಿದರೆ ಪೋರ್ಟಲ್ ಅನ್ನುತ್ತಾರೆ. ನಮ್ಮೂರಿನ ಠಾಣೆಯಲ್ಲಿ ಕೇಳಿದರೆ "ಇದು ನಮ್ಮ ವ್ಯಾಪ್ತಿಗೆ ಬರಲ್ಲ, ಕುಡೀರಿ" ಅಂತ ಟೀ ಕೊಟ್ಟರು. ಹಾಗಾದರೆ ನನ್ನ ಅಕೌಂಟಿಗೆ ಬೀಗ ಹಾಕಿದ ಬೆರಳು ಯಾರದು? ಒಬ್ಬರಾದರೂ "ಹೌದು, ನಾನೇ ಹಾಕಿದ್ದು, ಈ ಕಾರಣಕ್ಕೆ" ಅನ್ನಬೇಕಲ್ಲ. ನಾಲ್ಕನೇ ಲೇಯರ್‌ನಲ್ಲಿ ಕೂತ ಜೆರಾಕ್ಸ್ ಅಂಗಡಿಯವನು ಇವರಿಗೆ ಎರಡು ರಾತ್ರಿ ದಾರಿಯ ಆಚೆಯಿಂದಲೂ ಕಾಣುತ್ತಾನೆ, ಎದುರಿಗೆ ಹೋಗಿ ನಿಂತರೆ ಯಾರಿಗೂ ಕಾಣುವುದಿಲ್ಲ.

53ನೇ ದಿನ ಅಕೌಂಟ್ ತೆರೆಯಿತು. ಅದಕ್ಕೂ ಮೆಸೇಜ್ ಇಲ್ಲ. ಸುಮ್ನೆ ಒಂದು ರೂಪಾಯಿ ಹೆಂಡತಿಗೆ ಕಳಿಸಿ ನೋಡುವ ಅಭ್ಯಾಸ ಆಗಿಬಿಟ್ಟಿತ್ತು, ಬೆಳಿಗ್ಗೆ ಹಲ್ಲುಜ್ಜಿದ ಹಾಗೆ. ಆವತ್ತು ಹೋಯಿತು. ಕಾಗದ ಇಲ್ಲ, ಕ್ಷಮೆ ಇಲ್ಲ, ತಪ್ಪು ನಿಮ್ಮದಲ್ಲ ಅಂತ ಒಂದು ಸಾಲೂ ಇಲ್ಲ. ಬೌನ್ಸ್ ದಂಡ 1,180 ಹೋಗಿದ್ದು ಹೋಯಿತು. ಓಲೆ ಇನ್ನೂ ಸೊಸೈಟಿಯಲ್ಲೇ ಇದೆ.

ಕ್ಯೂಆರ್ ಸ್ಟಿಕ್ಕರ್ ಮೇಲೆ ಬಿಳಿ ಹಾಳೆ ಅಂಟಿಸಿದ್ದೇನೆ. ಹತ್ತು ರೂಪಾಯಿಗೆ ಐನೂರರ ನೋಟು ಕೊಟ್ಟು ಜನ ಬೈಯುತ್ತಾರೆ. ಎದುರಿನ ಕಚೇರಿಯವರೊಬ್ಬರು ಮೊನ್ನೆ, "ಈ ಕಾಲದಲ್ಲೂ ಡಿಜಿಟಲ್ ಇಲ್ವೇನ್ರೀ?" ಅಂದರು. ಚಿಲ್ಲರೆ ಎಣಿಸಿ ಕೈಗೆ ಕೊಟ್ಟೆ, ಮಾತಾಡಲಿಲ್ಲ.

ಆ 140 ಮಾತ್ರ ಇನ್ನೂ ತಡೆಯಲ್ಲೇ ಇದೆ. ಬಿಟ್ಟುಬಿಡಬಹುದಿತ್ತು. ಹಟಕ್ಕೆ ನಿನ್ನೆ ಮತ್ತೆ ಬ್ಯಾಂಕಿಗೆ ಹೋಗಿ ಯಾವಾಗ ಬಿಡುತ್ತೀರಿ ಅಂತ ಕೇಳಿದೆ. ಹೊಸ ಹುಡುಗಿ, ನನ್ನ ಕಥೆ ಅವಳಿಗೆ ಗೊತ್ತಿಲ್ಲ.

"ಒಂದು ಅರ್ಜಿ ಬರೆದುಕೊಡಿ ಅಂಕಲ್" ಅಂದಳು. "ಜೊತೆಗೆ ಆಧಾರ್ ಜೆರಾಕ್ಸ್, ಎರಡು ಕಾಪಿ."